ಸರಪಳಿ ಬಿಟ್ಟು ನೋಡಿದ ಹಳ್ಳ

ಆ ಹಳ್ಳಕ್ಕೆ ಹೆಸರಿಲ್ಲ ಎಂದು ಸರಕಾರದ ನಕ್ಷೆ ಹೇಳುತ್ತಿತ್ತು. ಊರಲ್ಲಿ ಕೇಳಿದರೆ ಮೂರು ಹೆಸರು ಸಿಕ್ಕವು. ಗುಡ್ಡದ ಬುಡದ ಗದ್ದೆಯವರು ಅದನ್ನು ಕಟ್ಟಿನ ಹಳ್ಳ ಎನ್ನುತ್ತಿದ್ದರು. ನಡುವಿನ ಕೇರಿಯವರಿಗೆ ಅದು ಬರೀ ಹೊಳೆ. ಇನ್ನೂ ಕೆಳಗೆ, ಉಪ್ಪುನೀರು ಹತ್ತುವಲ್ಲಿ, ಅದೇ ನೀರು ಕೋಡಿ ಎನಿಸಿಕೊಳ್ಳುತ್ತಿತ್ತು. ಫೈಲಿನ ಮೇಲೆ ಒಂದೇ ಹೆಸರು ಬರೆಯಬೇಕಿತ್ತು. ಮೂರೂ ಕಡೆಯವರು ಉಳಿದೆರಡು ಹೆಸರು ತಾವು ಕೇಳಿಯೇ ಇಲ್ಲ ಎಂದರು. ಮೂರೂವರೆ ಮೈಲಿಯ ಹಳ್ಳ ಅದು, ಗಂಗಾ ನದಿಯಲ್ಲ. ಕೊನೆಗೆ ನಾನು ‘ಹಳ್ಳ ನಂಬರ್ ಒಂದು’ ಎಂದು ಬರೆದು ಕೈತೊಳೆದುಕೊಂಡೆ. ನಂಬರ್ ಎರಡು ಎಲ್ಲಿ ಎಂದು ಕಚೇರಿಯಿಂದ ಪತ್ರ ಬಂತು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಹೊನ್ನಾವರದವನೇ, ನಮ್ಮ ಉಪವಿಭಾಗದ ಕಚೇರಿಯೂ ಅಲ್ಲೇ. ಕುಮಟಾ ತಾಲೂಕಿನ ಒಂದು ಗಜನಿಗೆ ಕಲ್ಲಿನ ಒಡ್ಡು ಕಟ್ಟುವುದೆಂದು ತೀರ್ಮಾನವಾಗಿತ್ತು. ಗಜನಿಯೆಂದರೆ ಅಘನಾಶಿನಿಯ ಹಿನ್ನೀರಿನ ಅಂಚಿನ ತಗ್ಗು ಗದ್ದೆ. ತದಡಿ ಕಡೆಯಿಂದ ಉಬ್ಬರ ಏರಿ ಬಂದಾಗ ಉಪ್ಪುನೀರು ಅಲ್ಲಿಗೆ ನುಗ್ಗುತ್ತದೆ. ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ವರ್ಷಕ್ಕೆ ಅದೊಂದೇ ಬೆಳೆ. ಹಳೆಯ ಮಣ್ಣಿನ ಒಡ್ಡು ಪ್ರತಿ ಆಷಾಢದಲ್ಲಿ ಎಲ್ಲಾದರೂ ಒಂದು ಕಡೆ ಬಾಯಿ ಬಿಡುತ್ತಿತ್ತು.

ಒಡ್ಡು ಕಟ್ಟುವುದು ದೊಡ್ಡ ವಿದ್ಯೆಯಲ್ಲ. ಅದರಲ್ಲಿ ಎಷ್ಟು ಬಾಗಿಲು ಇಡಬೇಕು ಎನ್ನುವುದೇ ಪ್ರಶ್ನೆ. ಉಬ್ಬರದ ಹೊತ್ತಿಗೆ ಹಲಗೆ ಇಳಿಸಿ ಬಾಗಿಲು ಮುಚ್ಚಬೇಕು, ಇಳಿತದ ಹೊತ್ತಿಗೆ ಎತ್ತಿ ಹಳ್ಳದ ಸಿಹಿನೀರನ್ನು ಹೊರಗೆ ಬಿಡಬೇಕು. ಬಾಗಿಲು ಕಡಿಮೆಯಾದರೆ ಮಳೆನೀರು ಒಡ್ಡಿನ ಒಳಗೇ ನಿಂತು ಮೊಳಕೆ ಕೊಳೆಯುತ್ತದೆ. ಹೆಚ್ಚಾದರೆ ಹಲಗೆ ಸಂದಿಯಿಂದ ಉಪ್ಪು ಒಸರುವ ಜಾಗಗಳು ಹೆಚ್ಚುತ್ತವೆ. ಎಷ್ಟು ಬೇಕೆಂದು ತಿಳಿಯಲು ಎಷ್ಟು ನೆಲದ ಮಳೆ ಆ ಹಳ್ಳಕ್ಕೆ ಬಂದು ಸೇರುತ್ತದೆ ಎಂದು ಅಳೆಯಬೇಕು. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ನೀರು ಇಬ್ಭಾಗವಾಗುವ ಗೆರೆಯನ್ನು ಹುಡುಕಿ ನಕ್ಷೆಯಲ್ಲಿ ಎಳೆಯಬೇಕು. ಆ ಕೆಲಸ ನನ್ನದಾಗಿತ್ತು. ನಾನಾಗ ಹಂಗಾಮಿ ಸರ್ವೆಯರ್. ಇದೊಂದನ್ನು ಸರಿಯಾಗಿ ಮುಗಿಸಿದರೆ ಕಾಯಂ ಮಾಡಲು ಬರೆಯುತ್ತೇನೆಂದು ಇಂಜಿನಿಯರ್ ಸಾಹೇಬರು ಹೇಳಿದ್ದರು. ನನ್ನ ಅಳತೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮಟ್ಟ ನೋಡುವ ದುರ್ಬೀನು, ಅಂದರೆ ಲೆವೆಲ್, ಹಿಡಿದು ಗುಡ್ಡ ಸುತ್ತಿ ಹೊರಟ ಜಾಗಕ್ಕೇ ಮರಳಿದರೆ ನನ್ನ ಲೆಕ್ಕದಲ್ಲಿ ಬೆರಳಗಲದ ವ್ಯತ್ಯಾಸವೂ ಬರುತ್ತಿರಲಿಲ್ಲ.

ಜೊತೆಗಿದ್ದವನು ಒಬ್ಬ ಚೈನ್‌ಮನ್, ಅಂದರೆ ಅಳತೆಯ ಸರಪಳಿ ಎಳೆಯುವವನು. ತದಡಿಯ ಹತ್ತಿರದ ಮೀನುಗಾರರ ಮನೆಯವ, ಐವತ್ತು ದಾಟಿದವ. ದೋಣಿ ಬಿಟ್ಟು ಸರಕಾರಿ ಕೆಲಸಕ್ಕೆ ಬಂದಿದ್ದ, ಆದರೆ ಸರಪಳಿಯನ್ನು ಬಲೆಯ ಹಾಗೆ ಎಸೆಯುವುದನ್ನು ಬಿಟ್ಟಿರಲಿಲ್ಲ. ಎಷ್ಟು ದೂರವೆಂದು ಕೇಳಿದರೆ ಎರಡು ಬೀಡಿ ಎನ್ನುತ್ತಿದ್ದ. ಮಧ್ಯಾಹ್ನ ಮೀನಿಲ್ಲದ ದಿನ ಮೂರು ಗಂಟೆಯ ಮೇಲೆ ಅವನಿಗೆ ಕಿವಿ ಕೇಳುತ್ತಿರಲಿಲ್ಲ.

ಮೊದಲು ಕೆಳಗಿನ ಕೆಲಸ ಹಿಡಿದೆವು. ಉಬ್ಬರ ಎಷ್ಟು ಏರುತ್ತದೆಂದು ನೋಡಲು ಕೋಡಿಯ ಬಾಯಲ್ಲಿ ಗಾಳಿಮರದ ಕಂಬ ನೆಟ್ಟು ಕಪ್ಪು ಬಿಳಿ ಪಟ್ಟೆ ಬಳಿದೆ. ಮರುದಿನ ಅದಕ್ಕೆ ಎರಡು ದೋಣಿ ಕಟ್ಟಿದ್ದರು. ಬಿಡಿಸಿ ಬುದ್ಧಿ ಹೇಳಿದೆ. ಅದರ ಮರುದಿನ ಕಂಬ ವಾಲಿತ್ತು. ‘ಸರಕಾರಿ ಕೆಲಸ, ಮುಟ್ಟಬಾರದು’ ಎಂದು ಹಲಗೆ ಬರೆದು ತೂಗುಹಾಕಿದೆ. ಮೂರನೆಯ ದಿನ ಒಬ್ಬಾಕೆ ಆ ಹಲಗೆಯ ಮೇಲೆ ಕೂತು ಮೀನಿನ ಹೊಪ್ಪಳೆ ತೆಗೆಯುತ್ತಿದ್ದಳು. ಕಂಬ ಎಲ್ಲಿ ಎಂದು ಕೇಳಿದೆ. ದೋಣಿಯ ಹಿಂದೆ ಹೋಗಿರಬೇಕು ಎಂದಳು, ಅವಳ ದನಿಯಲ್ಲಿ ಕನಿಕರವಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಾಲ್ಕನೆಯ ದಿನ ಕಂಬ ನೆಡದೆ ಒಂದು ಬಂಡೆಗೇ ಪಟ್ಟೆ ಬಳಿದೆ. ಬಂಡೆಗೆ ದೋಣಿ ಕಟ್ಟಿದರೂ ಅದು ಹೋಗುವುದಿಲ್ಲವಲ್ಲ.

ಅದೇ ದಿನಗಳಲ್ಲಿ ಗಜನಿಯ ಅಂಚಿನ ಮನೆಯ ಸೊಸೆಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. ಮೂವತ್ತರ ಹತ್ತಿರದವಳು, ಸೊಂಟದ ಮೇಲೆ ಬುಟ್ಟಿ. ಗುಡ್ಡದ ಬುಡದ ಕೇರಿಯಿಂದ ಇಲ್ಲಿಗೆ ಮದುವೆಯಾಗಿ ಬಂದವಳೆಂದು ಚೈನ್‌ಮನ್ ಆಮೇಲೆ ಹೇಳಿದ. ಅವಳು ಕೊಟ್ಟಿಗೆಯ ಕಲ್ಲುಕಂಬವನ್ನು ತೋರಿಸಿ, ಮಳೆಗಾಲದ ನೆರೆ ಅಲ್ಲಿಯವರೆಗೆ ಬರುತ್ತದೆ ಎಂದಳು. ಕೆಸರಿನ ಕಲೆ ನನ್ನ ಎದೆಮಟ್ಟದಲ್ಲಿತ್ತು. ಅಂದಿನ ನನ್ನ ಅಂದಾಜಿನ ಪ್ರಕಾರ ಆ ಹಳ್ಳದ ನೀರು ಮೊಣಕಾಲು ದಾಟುವಂತಿರಲಿಲ್ಲ. ಊರವರು ಹೇಳುವ ನೆರೆ ಯಾವಾಗಲೂ ಒಂದು ಮೊಳ ಹೆಚ್ಚು, ಇದು ನಾನು ಕಂಡುಕೊಂಡ ಸತ್ಯ. ಅಳತೆ ಪುಸ್ತಕದ ಮೂಲೆಯಲ್ಲಿ ‘ಅತಿಶಯೋಕ್ತಿ’ ಎಂದು ಬರೆದೆ. ಅವಳಿಗೆ ಓದು ಬರುತ್ತಿತ್ತು. ಬಗ್ಗಿ ಓದಿದಳು, ಬುಟ್ಟಿ ಎತ್ತಿಕೊಂಡು ಹೋದಳು.

ಆಮೇಲೆ ಗುಡ್ಡ. ಬೆಳಿಗ್ಗೆ ಕುಮಟಾದಿಂದ ಕತಗಾಲದ ಬಸ್ಸು ಹಿಡಿದು ನಡುದಾರಿಯಲ್ಲಿ ಇಳಿದು, ನಕ್ಷೆ ಬರೆಯುವ ಮೇಜು, ಮುಕ್ಕಾಲಿ, ಲೆವೆಲ್ ಪೆಟ್ಟಿಗೆ ಹೊತ್ತು ಹತ್ತಬೇಕು. ಬದಿಗಳಲ್ಲಿ ಏಣು ಸ್ಪಷ್ಟವಾಗಿತ್ತು. ಈ ಕಡೆ ಉಗುಳಿದರೆ ಈ ಹಳ್ಳ, ಆ ಕಡೆ ಉಗುಳಿದರೆ ಆ ಹಳ್ಳ. ನೆತ್ತಿಗೆ ಬಂದಾಗ ನನ್ನ ತಾಳ ತಪ್ಪಿತು. ಅಲ್ಲಿ ಏಣೇ ಇಲ್ಲ. ಅರ್ಧ ಮೈಲಿಗೂ ಹೆಚ್ಚು ಅಗಲದ ಜಂಬಿಟ್ಟಿಗೆ ಕಲ್ಲಿನ ಹಾಸು, ಅಂಗಳದಷ್ಟು ಮಟ್ಟ. ನಡುವೆ ದನಗಳಿಗೆ ನೀರು ಕುಡಿಯಲು ಒಂದು ಕೆರೆ, ಅಂಚಿನಲ್ಲಿ ಕುರುಚಲು ಗಿಡ. ಕೆರೆಯ ಸುತ್ತಲಿನ ನೆಲ ಮೀಸಲು ಅರಣ್ಯಕ್ಕೆ ಸೇರಿದ್ದು. ಮಾರ್ಚ್ ಬಿಸಿಲಿಗೆ ಕಲ್ಲು ಕಾದು ಗಾಳಿ ನಡುಗುತ್ತಿತ್ತು. ದುರ್ಬೀನಿನಲ್ಲಿ ನೋಡಿದರೆ ಅಳತೆ ಕೋಲಿನ ಅಂಕಿಗಳೆಲ್ಲ ಕುಣಿಯುತ್ತಿದ್ದವು. ಬೆಳಿಗ್ಗೆ ಎಂಟರ ಒಳಗೆ ಓದಿದ್ದಷ್ಟೇ ನಿಜ. ಎಂಟರ ಒಳಗೆ ನಾವು ಅಲ್ಲಿ ತಲುಪಿದ್ದರೆ ತಾನೆ.

ಆ ಹಾಸಿನ ಮೇಲೆ ಹನ್ನೊಂದು ದಿನ ಕಳೆದೆ. ಮೇಜನ್ನು ಮೂರು ಕಡೆ ಹೂಡಿದೆ. ಒಂದು ಕಡೆ, ನಮ್ಮ ಹಳ್ಳದತ್ತ ಇಳಿಯುವ ತೆಂಕಣ ಅಂಚಿನಲ್ಲಿ, ಚೈನ್‌ಮನ್ ಸರಪಳಿ ಎಳೆಯುತ್ತ ಹೋಗುತ್ತಿದ್ದವ ತಟ್ಟನೆ ಗಿಡ್ಡಗಾದ. ನೋಡಿದರೆ ಅವನ ಒಂದು ಕಾಲು ಒಣಸೊಪ್ಪಿನ ರಾಶಿಯಲ್ಲಿ ಮೊಣಕಾಲಿನವರೆಗೆ ಹೂತುಹೋಗಿತ್ತು. ಇಲ್ಲೆಂತದೋ ಗುಂಡಿ ಇದೆ ಎಂದ. ಸರಪಳಿ ಜೋಲಾಯಿತಲ್ಲ, ಈಗ ಮೊದಲಿನಿಂದ ಎಳೆಯಬೇಕು ಎಂದು ನಾನು ಬೈದೆ. ಅವನು ಕಾಲು ಕಿತ್ತುಕೊಂಡು ಬೀಡಿ ಹಚ್ಚಿದ.

ಗುಡ್ಡದ ಬುಡದ ಕೇರಿಯವರನ್ನು ನಾನು ಕೇಳದೆ ಇರಲಿಲ್ಲ. ಭತ್ತ, ತರಕಾರಿ ಬೆಳೆಯುವ ಹತ್ತಾರು ಮನೆಗಳು. ನಾಟಿಗೂ ಹಾಡು, ಕೊಯ್ಲಿಗೂ ಹಾಡು. ನನ್ನ ಪ್ರಶ್ನೆಗೆ ಮಾತ್ರ ಯಾರಿಗೂ ಬಾಯಿಲ್ಲ. ಮೇಲಿನ ನೀರು ಎತ್ತ ಹೋಗುತ್ತದೆ ಎಂದರೆ, ಈಗ ನೀರೇ ಇಲ್ಲವಲ್ಲ ಒಡೆಯಾ ಎಂದರು. ಮಳೆಗಾಲದಲ್ಲಿ ಎಂದರೆ, ಮಳೆಗಾಲದಲ್ಲಿ ನಾವು ಗದ್ದೆಯಲ್ಲಿರುತ್ತೇವೆ, ಗುಡ್ಡದ ಮೇಲೆ ಯಾರು ಹೋಗಿ ನೋಡುತ್ತಾರೆ ಎಂದರು. ಅವರಲ್ಲೇ ಹಿರಿಯಳಾದ ಒಬ್ಬಾಕೆ, ಕುತ್ತಿಗೆ ತುಂಬ ಮಣಿಸರ ಹಾಕಿದ್ದವಳು, ಕೈಯಿಂದ ಬಡಗು ದಿಕ್ಕು ತೋರಿಸಿ, ಎಲ್ಲಾ ಆಚೆ ಬದಿಗೆ ಹೋಗುತ್ತದೆ ಎಂದಳು. ನನ್ನ ಲೆವೆಲ್ ಕೂಡ ಅದನ್ನೇ ಹೇಳಿತು. ಹಾಸು ಬಡಗಣಕ್ಕೆ ಒಂದಿಷ್ಟೇ ಇಳಿದಿತ್ತು. ಇಡೀ ಹಾಸಿನ ನೀರು ಆಚೆಯ ಕಣಿವೆಗೆ ಸೇರಿದ್ದು ಎಂದು ಗೆರೆಯನ್ನು ತೆಂಕಣ ಅಂಚಿನಲ್ಲೇ ಎಳೆದು, ಪ್ಲಾನಿಮೀಟರ್ ಓಡಿಸಿ ವಿಸ್ತೀರ್ಣ ತೆಗೆದೆ. ಬಾಗಿಲು ಎರಡು ಸಾಕು. ಏಪ್ರಿಲ್ ಕೊನೆಗೆ ವರದಿ ಹೋಯಿತು. ಸಾಹೇಬರು ಬೆನ್ನು ತಟ್ಟಿದರು.

ಮೇ ತಿಂಗಳಲ್ಲಿ ಒಡ್ಡಿನ ಜಾಗಕ್ಕೆ ಗೂಟ ಹೊಡೆಯುತ್ತಿದ್ದೆವು. ಬೆಳಿಗ್ಗೆಯಿಂದ ಗೇರುಮರದ ಕೆಳಗೆ ಒಬ್ಬಾಕೆ ಕೂತಿದ್ದಳು. ಮಧ್ಯಾಹ್ನವಾದರೂ ಏಳಲಿಲ್ಲ. ಹತ್ತಿರ ಹೋದರೆ ಅದೇ ಮಣಿಸರದ ಹೆಂಗಸು. ಕಂಬದ ಕಲೆ ತೋರಿಸಿದ ಸೊಸೆ ಅವಳ ಮಗಳೆಂದು ಆಗ ತಿಳಿಯಿತು. ಮಗಳು ತವರಿಗೆ ಹೋದಾಗ ಎರಡೇ ಬಾಗಿಲಂತೆ ಎಂದು ಹೇಳಿದ್ದಳು. ತಾಯಿ ಮೂರು ಮೈಲಿ ನಡೆದು ಬಂದಿದ್ದಳು.

"ಎರಡು ಬಾಗ್ಲು ಸಾಲೂದಿಲ್ಲ ಒಡೆಯಾ."

ಯಾಕೆಂದು ಕೇಳಿದೆ. ಸಾಲುವುದಿಲ್ಲ ಎಂದಳು. ಅದೇ ಯಾಕೆ ಎಂದೆ. ನೀರು ಬಹಳ ಬರುತ್ತದೆ ಎಂದಳು. ಎಲ್ಲಿಂದ ಬರುತ್ತದೆ ಎಂದೆ. ಮೇಲಿಂದ ಎಂದಳು. ಮೇಲಿನ ನೀರು ಆಚೆ ಹೋಗುತ್ತದೆ ಅಂತ ಹೇಳಿದ್ದು ನೀನೇ ಅಲ್ಲವೇನಮ್ಮ ಎಂದು ಕೇಳಿದಾಗ ಗುಡ್ಡದ ಕಡೆ ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಮೂರು ತಿಂಗಳು ಬಿಸಿಲಲ್ಲಿ ಬೆಂದಿದ್ದೇನೆ, ಅಳೆದೂ ಸುರಿದೂ ಲೆಕ್ಕ ಹಾಕಿದ್ದೇನೆ, ಕಾರಣ ಹೇಳದೆ ಬಾಗಿಲು ಹೆಚ್ಚಿಸಲು ಇದೇನು ಸಂತೆಯೇ ಎಂದು ಕೂಗಾಡಿದೆ. ಅವಳು ನನ್ನ ಸಿಟ್ಟು ಮುಗಿಯುವವರೆಗೆ ಕಾದಳು. ಮಕ್ಕಳನ್ನು ಸಾಕಿದವರಿಗೆ ಆ ಕಾಯುವಿಕೆ ಬರುತ್ತದೆ.

"ನಾಳೆ ಬನ್ನಿ, ತೋರಿಸ್ತೆ. ಸರಪಳಿ ಬಿಟ್ಟು ಬನ್ನಿ."

ಮರುದಿನ ಒಬ್ಬನೇ ಹೋದೆ. ಸರಪಳಿ ಇಲ್ಲ, ಮೇಜಿಲ್ಲ, ಚೈನ್‌ಮನ್ ಇಲ್ಲ. ಕೈಯಲ್ಲಿ ಕೊಡೆ ಮಾತ್ರ. ಅವಳು ಕತ್ತಿ ಹಿಡಿದು ಮುಂದೆ ನಡೆದಳು. ಹಾಸಿನ ತೆಂಕಣ ಅಂಚಿಗೆ ಬಂದು, ಚೈನ್‌ಮನ್‌ನ ಕಾಲು ಹೂತ ಅದೇ ಸೊಪ್ಪಿನ ರಾಶಿಯನ್ನು ಕತ್ತಿಯ ಬೆನ್ನಿನಿಂದ ಸರಿಸಿದಳು. ಕೆಳಗೆ ಅಗಳು. ಜಂಬಿಟ್ಟಿಗೆಯನ್ನು ಉಳಿಯಲ್ಲಿ ಕಡಿದು ಮಾಡಿದ ಕಾಲುವೆ, ಮೊಣಕಾಲಿಗಿಂತ ಆಳ, ಒಂದು ಮಾರು ಅಗಲ. ಒಂದು ತುದಿ ಕೆರೆಯ ಬದಿಗೆ, ಇನ್ನೊಂದು ತುದಿ ಗುಡ್ಡದ ಈ ಕಡೆಯ ಇಳಿಜಾರಿಗೆ. ಇಡೀ ಹಾಸಿನ ಮಳೆ ಕೆರೆಗೆ ಬಂದು, ಕೆರೆಯಿಂದ ಈ ಅಗಳಿನಲ್ಲಿ ಹರಿದು ಅವರ ಗದ್ದೆಗೆ ಇಳಿದು, ಅಲ್ಲಿಂದ ಹಳ್ಳಕ್ಕೆ ಬೀಳುತ್ತಿತ್ತು. ಅವಳ ಮಾವನ ಅಜ್ಜನಿಗೂ ಅದು ಹಳೆಯದಂತೆ. ಹಳ್ಳಕ್ಕೆ ಕಟ್ಟಿನ ಹಳ್ಳ ಎನ್ನುವ ಹೆಸರು ಬಂದದ್ದು ಅಗಳಿನ ಬಾಯಿಗೆ ಹಾಕುವ ಕಲ್ಲುಮಣ್ಣಿನ ಕಟ್ಟಿನಿಂದ. ಆ ಹೆಸರನ್ನು ನಾನು ಫೈಲಿಗೆ ಬರೆಯದೆ ಬಿಟ್ಟಿದ್ದೆ.

ಪದ್ಧತಿ ಹೀಗಿತ್ತು. ಮೊದಲ ಮಳೆ ಬಿದ್ದು ಕೆರೆ ತುಂಬಿದ ದಿನ ಮನೆಗೊಬ್ಬರಂತೆ ಮೇಲೆ ಬಂದು, ತೆಂಗಿನಕಾಯಿ ಒಡೆದು, ಅಗಳಿನ ಬಾಯಿ ಬಿಡಿಸುತ್ತಾರೆ. ಮಳೆಗಾಲ ಪೂರ್ತಿ ಅದು ತೆರೆದಿರುತ್ತದೆ. ದೀಪಾವಳಿ ಕಳೆದ ಮೇಲೆ ಕಲ್ಲು ಮಣ್ಣು ಮೆತ್ತಿ ಬಾಯಿ ಮುಚ್ಚುತ್ತಾರೆ, ಬೇಸಿಗೆಗೆ ದನಗಳಿಗೆ ನೀರು ಉಳಿಯಲಿ ಎಂದು. ಅಷ್ಟೇ ಆಗಿದ್ದರೆ ನಾನು ಕಂಡೇ ಕಾಣುತ್ತಿದ್ದೆ. ಆದರೆ ಅಗಳಿನ ಅರ್ಧ ಭಾಗ ಮೀಸಲು ಅರಣ್ಯದ ಗಡಿಯೊಳಗೆ ಬಿದ್ದಿತ್ತು. ಹಿಂದೊಮ್ಮೆ ಸೊಪ್ಪು ಕಡಿದರೆಂದು ಕಾವಲುಗಾರ ಮೊಕದ್ದಮೆ ಹಾಕಿ, ಅವಳ ಗಂಡ ಒಂದು ಬೇಸಿಗೆಯೆಲ್ಲ ಕುಮಟಾ ಕೋರ್ಟಿಗೆ ಅಲೆದಿದ್ದ. ಮೇಲಾಗಿ ಆಗ ಊರೂರಲ್ಲಿ ಉಳುವವನೇ ಒಡೆಯ ಎಂದು ಡಿಕ್ಲರೇಶನ್, ಟ್ರಿಬ್ಯುನಲ್. ಸರಪಳಿ ಕಂಡರೆ ನೆಲ ಹೋಯಿತೆಂದೇ ಜನ ತಿಳಿಯುತ್ತಿದ್ದರು. ನಾನು ಬಸ್ಸಿಳಿದ ಮೊದಲ ದಿನವೇ ಕೇರಿಯವರೆಲ್ಲ ಸೇರಿ ಅಗಳಿಗೆ ಉದ್ದಕ್ಕೂ ಸೊಪ್ಪು ಹಾಸಿದ್ದರು. ನಾನು ಅವರದೇ ಹೆಣ್ಣುಮಕ್ಕಳು ಸೇರಿದ ಗಜನಿಗೆ ಬಾಗಿಲು ಲೆಕ್ಕ ಹಾಕಲು ಬಂದವನೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ನೀರು ಎತ್ತ ಹೋಗುತ್ತದೆ ಎಂದು ಕೇಳಿದೆನೇ ಹೊರತು ಯಾಕೆ ಕೇಳುತ್ತಿದ್ದೇನೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಸರ್ವೆಯವರು ಹಾಗೆಲ್ಲ ಹೇಳುವುದಿಲ್ಲ ಎಂಬ ಗತ್ತು ನನ್ನದು.

ಅಲ್ಲೇ ಅಗಳಿನ ಅಂಚಿನಲ್ಲಿ ಕೂತೆ. ಮೊದಲು ಅವರ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಚೈನ್‌ಮನ್‌ನ ಕಾಲು ನನ್ನ ಲೆವೆಲ್‌ಗಿಂತ ಹೆಚ್ಚು ಸತ್ಯ ಹೇಳಿತ್ತು, ಅದಕ್ಕೆ ಬೈಗುಳ ತಿಂದಿತ್ತು. ಎದೆಮಟ್ಟದ ಕಲೆ ತೋರಿಸಿದವಳಿಗೆ ಅತಿಶಯೋಕ್ತಿ ಎಂದು ಬರೆದು ಓದಿಸಿದ್ದೆ. ನಾಚಿಕೆಯಾಯಿತು. ಬೆಟ್ಟ ಅಗೆದಿದ್ದರೆ ಇಲಿಯಾದರೂ ಸಿಗುತ್ತಿತ್ತು.

ಎದ್ದು ಕೆಲಸ ಮಾಡಿದೆ. ಹಾಸಿನ ಅಗಲ ಉದ್ದವನ್ನು ಹೆಜ್ಜೆಯಲ್ಲಿ ಅಳೆದೆ. ಅಗಳಿನ ಆಳವನ್ನು ಕೊಡೆಯಲ್ಲಿ ಅಳೆದೆ. ಪುಸ್ತಕ ತರಬಾರದೆಂದು ಅವಳು ಹೇಳಿರಲಿಲ್ಲ, ಆದರೂ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೆ. ಹಾಸಿನ ಮಳೆಯನ್ನು ಸೇರಿಸಿದರೆ ಬಾಗಿಲು ಮೂರೂ ಚಿಲ್ಲರೆ ಬಂತು. ಬಾಗಿಲನ್ನು ಚಿಲ್ಲರೆಯಲ್ಲಿ ಕಟ್ಟಲು ಬರುವುದಿಲ್ಲ. ನಾಲ್ಕು ಬೇಕು.

ಅಗಳನ್ನು ನಕ್ಷೆಯಲ್ಲಿ ತೋರಿಸಿ ವರದಿ ತಿದ್ದುತ್ತೇನೆ ಎಂದಾಗ ಅವಳ ಮುಖ ಕಪ್ಪಿಟ್ಟಿತು. ಹಳೆಯ ಹಕ್ಕು ತಾನೇ, ಅರ್ಜಿ ಹಾಕಿ ಕಾಗದ ಮಾಡಿಸಿಕೊಳ್ಳಿ, ನಾನೇ ಬರೆದುಕೊಡುತ್ತೇನೆ ಎಂದೆ.

"ಕಾಗ್ದ ಮಾಡ್ಸೂಕೆ ಹೋದ್ರೆ ಕಾಗ್ದ ಬತ್ತದೆ, ನೀರು ಹೋತದೆ. ಲೆಕ್ಕಕ್ಕೆ ತಕಳಿ ಒಡೆಯಾ. ಬರೀಬೇಡಿ."

ಬಸ್ಸಿನಲ್ಲಿ ಕೂತು ಯೋಚಿಸಿದಷ್ಟೂ ತಲೆ ಕೆಟ್ಟಿತು. ಅಗಳನ್ನು ಬರೆದರೆ ನಕ್ಷೆಯ ಒಂದು ಪ್ರತಿ ಅರಣ್ಯದವರಿಗೆ ಹೋಗುವುದು ಖಂಡಿತ, ಕೆಲಸದ ನೆಲ ಅವರ ಗಡಿಗೆ ತಾಗಿತ್ತು. ಅವರು ಅಗಳು ಮುಚ್ಚಿಸುತ್ತಾರೆ. ಮೇಲಿನ ಗದ್ದೆ ಒಣಗುತ್ತದೆ. ಬರೆಯದಿದ್ದರೆ ಎರಡೇ ಬಾಗಿಲಿನ ಒಡ್ಡು ಏಳುತ್ತದೆ, ಕೆಳಗಿನ ಕಗ್ಗ ಕೊಳೆಯುತ್ತದೆ. ಒಂದು ಕಡೆ ತಾಯಿಯ ಗದ್ದೆ, ಇನ್ನೊಂದು ಕಡೆ ಮಗಳ ಗದ್ದೆ, ನಡುವೆ ನನ್ನ ಲೇಖನಿ. ನೀರಿಗೆ ಸಂಬಂಧಪಟ್ಟ ನಿಜವನ್ನು ಹೇಳುವುದು ನನ್ನ ಕೆಲಸ. ಯಾರ ಮುಂದೆ ಹೇಳಿದರೂ ಆ ನಿಜ ಯಾರನ್ನಾದರೂ ಮುಳುಗಿಸುತ್ತಿತ್ತು, ಇಲ್ಲವೇ ಒಣಗಿಸುತ್ತಿತ್ತು. ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಹೊನ್ನಾವರದ ಕಚೇರಿಯಲ್ಲಿ ನಕ್ಷೆ ಬಿಚ್ಚಿ ಹಾಸಿ ನೋಡುತ್ತ ಕೂತಿದ್ದಾಗ ದಾರಿ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಗುಡ್ಡದ ನೆತ್ತಿ ಮಟ್ಟ. ಅಲ್ಲಿ ನೀರಿನ ಗೆರೆ ತೆಂಕಣ ಅಂಚಿನಲ್ಲಿದೆಯೋ ಬಡಗಣ ಅಂಚಿನಲ್ಲಿದೆಯೋ ಎಂದು ಲೆವೆಲ್ ಹಿಡಿದು ಹನ್ನೊಂದು ದಿನ ಬೇಯದ ಹೊರತು ಯಾರೂ ಹೇಳಲಾರರು. ಗೆರೆಯನ್ನು ಬಡಗಣ ಅಂಚಿಗೆ ಸರಿಸಿದರೆ ಹಾಸು ಪೂರ್ತಿ ನಮ್ಮ ಹಳ್ಳದ ಪಾಲಿಗೆ ಬರುತ್ತದೆ. ಅಗಳು ಬರೆಯಬೇಕಾಗಿಲ್ಲ. ಬಾಗಿಲು ತಾನಾಗಿ ನಾಲ್ಕಾಗುತ್ತದೆ. ನಕ್ಷೆ ಸುಳ್ಳು, ಲೆಕ್ಕ ನಿಜ.

ಟ್ರೇಸಿಂಗ್ ಬಟ್ಟೆಯ ಮೇಲಿನ ಶಾಯಿಯನ್ನು ತೆಗೆಯಲು ಅರ್ಧ ಬ್ಲೇಡಿನಿಂದ ಮೆಲ್ಲನೆ ಕೆರೆಯಬೇಕು. ಒತ್ತಿದರೆ ಬಟ್ಟೆ ಹರಿಯುತ್ತದೆ, ಒತ್ತದಿದ್ದರೆ ಶಾಯಿ ಬಿಡುವುದಿಲ್ಲ. ಕೆರೆದ ಜಾಗಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿ ನಯ ಮಾಡಿ ಹೊಸ ಗೆರೆ ಎಳೆಯಬೇಕು. ನನ್ನ ಜೀವನದಲ್ಲಿ ಅಷ್ಟು ಸರಿಯಾಗಿ ಎಳೆದ ಗೆರೆ ಇನ್ನೊಂದಿರಲಿಲ್ಲ, ಈಗ ಅದನ್ನೇ ಕೆರೆಯುತ್ತಿದ್ದೆ. ಕಣ್ಣಲ್ಲಿ ನೀರು ಬಂತು ಎಂದರೆ ಯಾರಾದರೂ ನಗಬಹುದು. ಬಂದದ್ದು ನಿಜ. ಹೊಸ ಗೆರೆಗೆ ಒಂದೆರಡು ಕಡೆ ಸಣ್ಣ ಡೊಂಕು ಕೊಟ್ಟೆ, ನೋಡಿದವರಿಗೆ ಅಳೆದು ಎಳೆದದ್ದೆಂದು ಕಾಣಲಿ ಎಂದು. ಸುಳ್ಳಿಗೂ ಕಸುಬು ಬೇಕು.

ಸಾಹೇಬರು ಏಪ್ರಿಲ್‌ನಲ್ಲಿ ಕೊಟ್ಟ ಪ್ರತಿಯನ್ನೂ ತಿದ್ದಿದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಕನ್ನಡಕ ತೆಗೆದರು.

"ಒಂದು ತಿಂಗಳಲ್ಲಿ ಗುಡ್ಡ ಜರುಗಿತೇನ್ರೀ?"

ಮೇಲಿನ ಲೆವೆಲ್ ಸರಿಯಾಗಿ ಹೊಂದಿರಲಿಲ್ಲ ಸಾರ್, ಬಿಸಿಲಲ್ಲಿ ಓದಿದ್ದು, ಗೆರೆ ತಪ್ಪಿ ಎಳೆದಿದ್ದೆ ಎಂದೆ. ಅಂದಾಜುಪಟ್ಟಿ ಕಾರವಾರಕ್ಕೆ ಹೋಗಿಯಾಗಿದೆ, ಈಗ ಹಿಂದಕ್ಕೆ ತರಿಸಬೇಕು, ಅಲ್ಲಿ ನನ್ನ ಮಾನ ಹೋಗುತ್ತದೆ ಎಂದು ಅವರು ಅರ್ಧ ಗಂಟೆ ಕೂಗಾಡಿದರು. ಗೇರುಮರದ ಕೆಳಗೆ ನಾನು ಕೂಗಾಡಿದ್ದು ನೆನಪಾಯಿತು. ನಾನೂ ಅವಳ ಹಾಗೆ ಮುಗಿಯುವವರೆಗೆ ಕಾದೆ. ಕೊನೆಗೆ ಸಿಟ್ಟಿನಲ್ಲೇ ನಾಲ್ಕು ಬಾಗಿಲಿಗೆ ಸಹಿ ಹಾಕಿದರು. ಅದೇ ಲೇಖನಿಯಿಂದ ನನಗೊಂದು ಮೆಮೊ ಬರೆದರು: ಅಜಾಗರೂಕ ಅಳತೆ, ಇವರ ಕೆಲಸವನ್ನು ಮರುಪರಿಶೀಲಿಸದೆ ಒಪ್ಪತಕ್ಕದ್ದಲ್ಲ. ನನ್ನ ಜೊತೆ ಸೇರಿದವರೆಲ್ಲ ಆ ವರ್ಷ ಕಾಯಂ ಆದರು. ನಾನು ಇನ್ನೂ ಮೂರು ವರ್ಷ ಹಂಗಾಮಿ. ನನ್ನ ಅಳತೆಯಲ್ಲಿ ಆ ಕೆಲಸದಷ್ಟು ಚೊಕ್ಕವಾದದ್ದು ಯಾವುದೂ ಇರಲಿಲ್ಲ, ಶಿಕ್ಷೆ ಬಂದದ್ದು ಅದಕ್ಕೇ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ಬೇಸಿಗೆಯಲ್ಲಿ ಒಡ್ಡು ಎದ್ದಿತು. ಅದರ ಮೊದಲ ಜುಲೈಯಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ, ಇಳಿತದ ಹೊತ್ತು ನೋಡಿಕೊಂಡು ಹೋಗಿ ನಿಂತೆ. ನಾಲ್ಕೂ ಬಾಗಿಲು ತುಂಬಿ ಕೆಂಪು ನೀರು ಹೊರಗೆ ದುಮುಕುತ್ತಿತ್ತು. ಒಂದನ್ನೂ ಕಡಿಮೆ ಮಾಡುವಂತಿರಲಿಲ್ಲ. ಚೈನ್‌ಮನ್ ಒಡ್ಡಿನ ಮೇಲೆ ಕೂತು ಕೆಳಗೆ ಗಾಳ ಬಿಟ್ಟಿದ್ದ. ಅವನಿಗೆ ನಾನು ಅಗಳಿನ ವಿಷಯ ಹೇಳಿರಲಿಲ್ಲ. ಬಹಳ ಹೊತ್ತು ಆ ಕೆಂಪು ನೀರು ನೋಡಿದವ, ಗುಡ್ಡದ ಮೇಲೆ ನನ್ನ ಕಾಲು ಹೂತದ್ದು ಈ ನೀರಿನ ದಾರಿಯಲ್ಲೇ ಅಲ್ಲವೇ ಎಂದು ಕೇಳಿದ. ಹೌದು ಎಂದೆ. ಮತ್ತೆ ಆ ಮಾತು ಎತ್ತಲಿಲ್ಲ, ಅವನ ಮೇಲಿನ ನನ್ನ ಸಿಟ್ಟೆಲ್ಲ ಅಂದಿಗೆ ಇಳಿಯಿತು. ಅಷ್ಟರಲ್ಲಿ ಆ ಸೊಸೆ ಕೊಟ್ಟಿಗೆಗೆ ಕರೆದಳು. ಕಂಬದ ಹಳೆಯ ಕಲೆಗಿಂತ ನೀರು ಒಂದೂವರೆ ಮೊಳ ಕೆಳಗಿತ್ತು.

"ಅವತ್ತು ಬರದ್ರಲ್ಲ, ಅದ್ನ ಹೊಡ್ದು ಹಾಕಿ," ಎಂದಳು.

ಅಳತೆ ಪುಸ್ತಕ ಜೇಬಿನಲ್ಲೇ ಇತ್ತು. ಅವಳ ಎದುರಿಗೇ ಆ ಶಬ್ದಕ್ಕೆ ಗೆರೆ ಎಳೆದೆ.

ಏಳೆಂಟು ವರ್ಷ ಕಳೆದಿರಬೇಕು. ಎಂಬತ್ತರ ದಶಕದ ನಡುವಿಗೆ ನಾನು ಭಟ್ಕಳದಲ್ಲಿದ್ದೆ, ರಸ್ತೆ ಮೋರಿಗಳ ಅಳತೆಗೆ. ಕೋಣೆ ಕೊಟ್ಟ ಅಜ್ಜ ನನ್ನೊಡನೆ ಕನ್ನಡ, ಮನೆಯೊಳಗೆ ನವಾಯತಿ, ಅಂಚೆಯವನೊಡನೆ ಉರ್ದು ಮಾತಾಡುತ್ತಿದ್ದರು. ಒಂದು ದಿನ ಅವರೇ ಕಚೇರಿಯ ಲಕೋಟೆ ತಂದುಕೊಟ್ಟರು. ಒಡ್ಡಿನ ಹಲಗೆಗಳು ಕೊಳೆತಿದ್ದವಂತೆ. ರಿಪೇರಿಗೆಂದು ಹೊಸ ಸರ್ವೆಯರ್ ಹಳೆಯ ನಕ್ಷೆ ತಾಳೆ ನೋಡಿದ್ದರು. ಹಿಂದಿನ ನಕ್ಷೆಯಲ್ಲಿ ನೀರಿನ ಗೆರೆ ಅರ್ಧ ಮೈಲಿಗೂ ಹೆಚ್ಚು ತಪ್ಪಿದೆ, ನಿಜವಾದ ವಿಸ್ತೀರ್ಣಕ್ಕೆ ಎರಡು ಬಾಗಿಲು ಸಾಕು, ಉಳಿದೆರಡನ್ನು ಕಲ್ಲು ಕಟ್ಟಿ ಮುಚ್ಚಬಹುದು. ಹಿಂದಿನ ಸರ್ವೆಯರ್ ವಿವರಣೆ ಕೊಡತಕ್ಕದ್ದು.

ಮರುದಿನವೇ ರಜೆ ಹಾಕಿ ಕುಮಟಾ ಬಸ್ಸು ಹತ್ತಿದೆ. ಹೊಸಬರು ಇಪ್ಪತ್ತೇಳರ ತರುಣ, ಇಸ್ತ್ರಿ ಮುರಿಯದ ಅಂಗಿ. ತಮ್ಮ ಲೆವೆಲ್ ಪುಸ್ತಕ ನನ್ನ ಮುಂದಿಟ್ಟರು. ಪುಟ ಪುಟ ತಿರುವಿದೆ. ತಪ್ಪೇ ಇರಲಿಲ್ಲ. ನಾನು ಕೆರೆದುಹಾಕಿದ್ದ ಮೊದಲ ಗೆರೆಯನ್ನು ಅವರು ಇದ್ದಲ್ಲೇ ಕಂಡುಹಿಡಿದಿದ್ದರು. ಒಂದು ಕಡೆ ನನಗಿಂತ ಚೆನ್ನಾಗಿಯೇ ಅಳೆದಿದ್ದರು, ಅದೂ ಕಿರಿಕಿರಿಯಾಯಿತು. ನಿಮ್ಮ ಕಾಲದಲ್ಲಿ ಉಪಕರಣ ಸರಿ ಇರಲಿಲ್ಲವೇನೋ ಎಂದು ಸಮಾಧಾನ ಬೇರೆ ಹೇಳಿದರು. ಉಪಕರಣ ಸರಿಯಿತ್ತು ಎಂದೆ. ಅಲ್ಲಿ ಚೈನ್ ಎಳೆಯುವಾಗ ಯಾರ ಕಾಲಾದರೂ ಹೂತಿತೇ ಎಂದು ಕೇಳಿದೆ. ವಿಚಿತ್ರವಾಗಿ ನೋಡಿ, ಇಲ್ಲ ಎಂದರು.

ಅಲ್ಲಿಂದ ಸೀದಾ ಗುಡ್ಡದ ಬುಡದ ಕೇರಿಗೆ ನಡೆದೆ. ಮಣಿಸರದವಳು ಈಗ ಅಜ್ಜಿಯಾಗಿದ್ದಳು, ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದಳು. ಎರಡು ಬಾಗಿಲು ಮುಚ್ಚುತ್ತಾರಂತೆ ಎಂದೆ. ಮಾತಿಗೆ ಮೊದಲು ಅವಳ ಕೈ ಮಣಿಸರಕ್ಕೆ ಹೋಯಿತು. ಗುಟ್ಟು ನಿನ್ನದು, ನೀನು ಬೇಡವೆಂದರೆ ನಾನು ಬಾಯಿ ಬಿಡುವುದಿಲ್ಲ, ಆದರೆ ನನ್ನ ಬಳಿ ಇನ್ನು ಕೆರೆಯಲು ಗೆರೆ ಉಳಿದಿಲ್ಲ ಎಂದೆ.

"ಅವ್ರೂ ಸರಪಳಿ ತಂದಿದ್ರಾ?" ಎಂದು ಕೇಳಿದಳು.

ತಂದಿದ್ದರು ಎಂದೆ.

"ಬಿಟ್ಟು ಬರೂಕೆ ಹೇಳಿ. ಮಳೆ ಬಿದ್ಮೇಲೆ ಬರ್ಲಿ."

ತರುಣನನ್ನು ಒಪ್ಪಿಸಲು ನಾನು ಪಟ್ಟ ಪಾಡು ಬೇರೆಯೇ ಕತೆ. ಮಳೆಯಲ್ಲಿ ಲೆವೆಲ್ ಹೂಡಲು ಬರುವುದಿಲ್ಲ ಎಂದರು. ಲೆವೆಲ್ ಬೇಡ ಎಂದೆ. ಹಾಗಾದರೆ ಬಂದು ಏನು ಮಾಡಲಿ ಎಂದರು. ನೋಡಿ ಎಂದೆ. ಜೂನ್ ಮೂರನೆಯ ವಾರ, ಮನಸ್ಸಿಲ್ಲದ ಮನಸ್ಸಿನಿಂದ, ಕೊಡೆ ಹಿಡಿದು ನನ್ನ ಹಿಂದೆ ಗುಡ್ಡ ಹತ್ತಿದರು. ಅಜ್ಜಿಗೆ ಹತ್ತಲು ಆಗುತ್ತಿರಲಿಲ್ಲ. ಕೇರಿಯ ಮನೆಗೊಬ್ಬರಂತೆ ಗಂಡಸರು ಹೆಂಗಸರು ಮೇಲೆ ಬಂದಿದ್ದರು. ತೆಂಗಿನಕಾಯಿ ಒಡೆದರು. ಬಾಯಿಗೆ ಮೆತ್ತಿದ್ದ ಕಲ್ಲು ಮಣ್ಣನ್ನು ಹಾರೆಯಿಂದ ಮೀಟಿದರು. ತುಂಬಿದ್ದ ಕೆರೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಅಗಳು ಹಿಡಿಯಿತು. ನೋಡುನೋಡುತ್ತ ಅದು ಅಂಚಿನವರೆಗೆ ತುಂಬಿ ನಮ್ಮ ಕಾಲ ಬಳಿಯಿಂದ ಹಾದು ತೆಂಕಣ ಇಳಿಜಾರಿಗೆ ಬಿದ್ದಿತು.

ತರುಣ ಬಹಳ ಹೊತ್ತು ನಿಂತು ನೋಡಿದರು. ಇದು ಅರಣ್ಯದ ಗಡಿಯೊಳಗಲ್ಲವೇ ಎಂದು ಕೇಳಿದರು. ಅರ್ಧ ಎಂದೆ. ನನ್ನ ಮುಖ ನೋಡಿದರು, ಆಮೇಲೆ ಹಾರೆ ಹಿಡಿದು ನಿಂತವರ ಮುಖ ನೋಡಿದರು. ಕೊಡೆಯನ್ನು ಕಿವಿಗೆ ಒತ್ತಿ ಹಿಡಿದು ಜೇಬಿನಿಂದ ಅಳತೆ ಪುಸ್ತಕ ತೆಗೆದರು, ಪೆನ್ಸಿಲ್ ತೆಗೆದರು. ತೆರೆದ ಪುಟದ ಮೇಲೆ ಎರಡು ಮೂರು ಹನಿ ಬಿದ್ದವು. ಅವರು ಪುಸ್ತಕ ಮುಚ್ಚಿ ಒಳಗಿಟ್ಟುಕೊಂಡರು.

ಅವರ ಅಂತಿಮ ವರದಿಯ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಎರಡು ಸಾಲು ಒಂದರ ಕೆಳಗೊಂದು ಇವೆ. ಹಿಂದಿನ ಸರ್ವೆಯರ್ ಎಳೆದ ನೀರಿನ ಗೆರೆ ತಪ್ಪಾಗಿದೆ ಎಂಬುದು ಒಂದು. ಬಾಗಿಲು ನಾಲ್ಕೂ ಅಗತ್ಯ, ಒಂದನ್ನೂ ಮುಚ್ಚಕೂಡದು ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಯಾವ ಕಚೇರಿಯವರೂ ಈವರೆಗೆ ಕೇಳಿಲ್ಲ.